ಬೆಟ್ಟ ಬೆಳಿಗ್ಗೆ, ಬಿಸಿನೀರು ಮಧ್ಯಾಹ್ನ: ಜಪಾನ್ ಪ್ರವಾಸ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬರುವ ಚಳಿಗಾಲದಲ್ಲಿ ತಂದೆ ತಾಯಿಯನ್ನು ಕರೆದುಕೊಂಡು ಜಪಾನ್‌ಗೆ ಹೊರಟಿದ್ದೇವೆ. ಟೋಕಿಯೊದಲ್ಲಿ ನಾಲ್ಕು ದಿನ ತಂಗುತ್ತೇವೆ. ಅದರಲ್ಲಿ ಒಂದು ದಿನವನ್ನು ಫ್ಯೂಜಿ ಪರ್ವತ ನೋಡುವುದಕ್ಕೂ ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ ಮಾಡುವುದಕ್ಕೂ ಮೀಸಲಿಡಬೇಕೆಂದಿದ್ದೇವೆ. ಕೇಳಿದವರೆಲ್ಲ ಟೋಕಿಯೊ ಹತ್ತಿರದ, ಬಿಸಿನೀರಿನ ಬುಗ್ಗೆಗಳಿರುವ ಬೆಟ್ಟಪ್ರದೇಶ ಹಕೋನೆಗೆ ಹೋಗಿ ಎನ್ನುತ್ತಾರೆ. ಒಂದೇ ದಿನದಲ್ಲಿ ಎರಡೂ ಸಾಧ್ಯವೇ?
— ಓದುಗರು, ಮೈಸೂರು

ಉತ್ತರ: ಸಾಧ್ಯವಿದೆ, ದಿನವನ್ನು ಸರಿಯಾಗಿ ಜೋಡಿಸಿಕೊಂಡರೆ. ಬಿಸಿನೀರು ಯಾವ ಹೊತ್ತಿಗೆ ಹೋದರೂ ಸಿಗುತ್ತದೆ. ಫ್ಯೂಜಿ ಹಾಗಲ್ಲ, ಅದು ಕಾಣಿಸಿದಾಗ ನೋಡಿಕೊಳ್ಳಬೇಕು. ಆದ್ದರಿಂದ ಬೆಳಗಿನ ಹೊತ್ತನ್ನು ಪರ್ವತಕ್ಕೆ ಬಿಟ್ಟುಕೊಟ್ಟು, ಸ್ನಾನವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬಹುಪಾಲು ಪ್ರವಾಸಿಗರು ಹೋಟೆಲಿನಲ್ಲಿ ನಿಧಾನವಾಗಿ ಉಪಾಹಾರ ಮುಗಿಸಿ ಹತ್ತು ಗಂಟೆಗೆ ಟೋಕಿಯೊ ಬಿಡುತ್ತಾರೆ. ಅವರು ಗುಡ್ಡದ ನೆತ್ತಿ ತಲುಪುವಷ್ಟರಲ್ಲಿ ಪರ್ವತದ ಸುತ್ತ ಮೋಡ ಕಟ್ಟಿರುತ್ತದೆ.

ನೀವು ಚಳಿಗಾಲವನ್ನು ಆರಿಸಿಕೊಂಡಿರುವುದು ಒಳ್ಳೆಯದಾಯಿತು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ವಾಯವ್ಯದಿಂದ ಬೀಸುವ ಗಾಳಿ ತನ್ನ ತೇವವನ್ನು ಜಪಾನ್ ಸಮುದ್ರದ ಕಡೆಯ ಬೆಟ್ಟಗಳ ಮೇಲೆ ಹಿಮವಾಗಿ ಸುರಿದು, ಟೋಕಿಯೊ ಇರುವ ಪೆಸಿಫಿಕ್ ಕಡೆಗೆ ಒಣಗಿ ಬರುತ್ತದೆ. ಹಾಗಾಗಿ ಆಕಾಶ ಶುಭ್ರವಾಗಿದ್ದು, 3,776 ಮೀಟರ್ ಎತ್ತರದ ಫ್ಯೂಜಿ ದೂರದಿಂದಲೇ ಸ್ಪಷ್ಟವಾಗಿ ಕಾಣುವ ದಿನಗಳು ಈ ತಿಂಗಳುಗಳಲ್ಲಿ ಹೆಚ್ಚು. ಜೂನ್, ಜುಲೈ ಮಳೆಗಾಲದಲ್ಲಿ ಹೋದವರು ಪರ್ವತ ಯಾವ ದಿಕ್ಕಿಗಿದೆ ಎಂಬುದನ್ನೂ ತಿಳಿಯದೆ ಮರಳಿದ್ದುಂಟು. ಹಿಮದ ಟೋಪಿಯ ಫ್ಯೂಜಿಯೇ ಬೇಕೆನ್ನುವವರಿಗೆ ಅಕ್ಟೋಬರ್ ಈಗ ನಂಬಿಕೆಯ ತಿಂಗಳಲ್ಲ. 2024ರಲ್ಲಿ ಮೊದಲ ಹಿಮ ಕಾಣಿಸಿದ್ದು ನವೆಂಬರ್ 7ಕ್ಕೆ, 1894ರಿಂದ ದಾಖಲೆ ಇಡಲು ಆರಂಭಿಸಿದ ಮೇಲೆ ಅಷ್ಟು ತಡವಾದದ್ದು ಅದೇ ಮೊದಲು.

ಇನ್ನು ದಾರಿಯ ವಿಷಯ. ಟೋಕಿಯೊ ನಿಲ್ದಾಣದಿಂದ ಕೊದಾಮಾ ಎಂಬ ಶಿಂಕಾನ್ಸೆನ್ ರೈಲು ಸುಮಾರು 35 ನಿಮಿಷದಲ್ಲಿ ಒದಾವಾರಾಕ್ಕೆ ಒಯ್ಯುತ್ತದೆ. ಅಲ್ಲಿಂದ ಹಕೋನೆ-ಯುಮೋತೊ 15 ನಿಮಿಷ. ಯುಮೋತೊದಿಂದ ಗೋರಾವರೆಗೆ ಹೋಗುವ ಬೆಟ್ಟದ ರೈಲನ್ನು ದಯವಿಟ್ಟು ತಪ್ಪಿಸಬೇಡಿ. 1919ರಲ್ಲಿ ಆರಂಭವಾದ, 8.9 ಕಿ.ಮೀ. ಉದ್ದದ ಈ ಹಾದಿ ಸಾವಿರ ಮೀಟರಿಗೆ 80 ಮೀಟರಿನಷ್ಟು ಕಡಿದಾಗಿ ಏರುತ್ತದೆ. ಮೂರು ಕಡೆಗಳಲ್ಲಿ ರೈಲು ನಿಂತು, ಚಾಲಕರೂ ಗಾರ್ಡ್ ಅವರೂ ಪ್ಲಾಟ್‌ಫಾರ್ಮಿನ ಮೇಲೆ ನಡೆದು ಪರಸ್ಪರ ಜಾಗ ಬದಲಿಸಿಕೊಂಡು, ಬಂದ ದಿಕ್ಕಿಗೇ ತಿರುಗಿದಂತೆ ಹೊರಟು ಇನ್ನೊಂದು ಮಟ್ಟಕ್ಕೆ ಹತ್ತುತ್ತದೆ. ಸುಮಾರು 40 ನಿಮಿಷದ ಈ ಪ್ರಯಾಣದಲ್ಲಿ ಕೊಂಬೆಗಳು ಕಿಟಕಿಗೆ ತಾಗುವಷ್ಟು ಹತ್ತಿರ ಇರುತ್ತವೆ. ಗೋರಾದಿಂದ ಕೇಬಲ್ ಕಾರ್ (ಹಳಿಯ ಮೇಲೆ ಹಗ್ಗದಿಂದ ಎಳೆಯುವ ಬಂಡಿ) ಹತ್ತು ನಿಮಿಷದಲ್ಲಿ ಸೋಉನ್‌ಜಾನ್‌ಗೆ ಒಯ್ಯುತ್ತದೆ, ಅಲ್ಲಿಂದ ರೋಪ್‌ವೇ.

ಈ ರೋಪ್‌ವೇಯ ಮೊದಲ ಹಂತದಲ್ಲಿ ನೀವು ಕಾಣುವುದು ಕೇವಲ ಕಾಡಿನ ಇಳಿಜಾರು. ಗೊಂಡೊಲಾ, ಅಂದರೆ ರೋಪ್‌ವೇಯ ತೂಗುಪೆಟ್ಟಿಗೆ, ಏಣನ್ನು ದಾಟಿದೊಡನೆ ನೆಲ ಕೆಳಕ್ಕೆ ಬಿದ್ದುಹೋಗುತ್ತದೆ. ಹಳದಿ, ಬೂದು ಬಣ್ಣದ ಬೋಳು ಕಣಿವೆಯಿಂದ ಹಬೆ ಏಳುತ್ತಿರುತ್ತದೆ, ಗಂಧಕದ ವಾಸನೆ ಮುಚ್ಚಿದ ಬಾಗಿಲೊಳಗೂ ನುಗ್ಗುತ್ತದೆ, ಆಚೆ ಸುಮಾರು 30 ಕಿ.ಮೀ. ದೂರದಲ್ಲಿ ಫ್ಯೂಜಿ ಇಡಿಯಾಗಿ ನಿಂತಿರುತ್ತದೆ. ಇದೇ ಓವಾಕುದಾನಿ, 1,044 ಮೀಟರ್ ಎತ್ತರದ ನಿಲ್ದಾಣ. ರೋಪ್‌ವೇ ಸಾಮಾನ್ಯವಾಗಿ ಒಂಬತ್ತು ಗಂಟೆಗೆ ಶುರುವಾಗುತ್ತದೆ. ಬೆಳಿಗ್ಗೆ ಆರೂವರೆಯ ಸುಮಾರಿಗೆ ಟೋಕಿಯೊ ಬಿಟ್ಟವರು ಒಂಬತ್ತೂವರೆಯ ಒಳಗೆ ಇಲ್ಲಿರಬಹುದು. ವಯಸ್ಸಾದವರು ಕಣಿವೆಗೆ ಇಳಿಯಬೇಕಾಗಿಲ್ಲ, ನಿಲ್ದಾಣದ ಸುತ್ತಲಿನ ಸಮತಟ್ಟಾದ ಜಾಗದಿಂದಲೇ ಎಲ್ಲವೂ ಕಾಣುತ್ತದೆ. ಮುಂದಿನ ಗೊಂಡೊಲಾ ಹಿಡಿದು ತೋಗೆಂದಾಯಿಗೆ ಇಳಿದು, ಆಶಿ ಸರೋವರವನ್ನು ಹಡಗಿನಲ್ಲಿ ದಾಟಿ ಮೊತೊ-ಹಕೋನೆ ಸೇರಿ. ನೀರಿನಲ್ಲಿ ನಿಂತಿರುವ ಕೆಂಪು ತೋರಣದ್ವಾರವೂ ಸರೋವರದಾಚೆಯ ಫ್ಯೂಜಿಯೂ ಒಟ್ಟಿಗೆ ಕಾಣುವ ಜಾಗ ಅದು. ಅಲ್ಲಿಂದ ಬಸ್ಸಿನಲ್ಲಿ ಯುಮೋತೊಗೆ ಇಳಿದರೆ ಮಧ್ಯಾಹ್ನ ಎರಡರ ಹೊತ್ತಿಗೆ ಬಿಸಿನೀರಿನಲ್ಲಿರುತ್ತೀರಿ. ತಂಗುವ ಅಗತ್ಯವಿಲ್ಲದೆ ಸ್ನಾನಕ್ಕಷ್ಟೇ ಹೋಗಬಹುದಾದ ಸ್ನಾನಗೃಹಗಳು ಯುಮೋತೊದ ಸುತ್ತ ಹಲವಿವೆ. ಹಕೋನೆಯ ವಸ್ತುಸಂಗ್ರಹಾಲಯಗಳನ್ನೂ ಹಳೆಯ ತಪಾಸಣಾ ಠಾಣೆಯನ್ನೂ ಈ ದಿನಕ್ಕೆ ತುರುಕಬೇಡಿ. ತಂದೆ ತಾಯಿ ದಣಿದರೆ ಸ್ನಾನದ ಸುಖವೇ ಉಳಿಯುವುದಿಲ್ಲ.

ಇನ್ನೊಂದು ಸಲಹೆಯನ್ನು ನಾನು ಒತ್ತಿ ಹೇಳುತ್ತೇನೆ. ಆ ದಿನ ಯಾವುದೆಂದು ಮೈಸೂರಿನಲ್ಲಿ ಕುಳಿತು ನಿಗದಿ ಮಾಡಬೇಡಿ. ನಾಲ್ಕು ದಿನಗಳಿರುವುದರಿಂದ ಪ್ರತಿ ಸಂಜೆ ಮರುದಿನದ ಹವಾಮಾನ ನೋಡಿ, ಬಾನು ತಿಳಿಯಾಗಿರುವ ದಿನ ಹೊರಡಿ. ಕೊದಾಮಾ ರೈಲಿನಲ್ಲಿ ಕಾಯ್ದಿರಿಸದ ಬೋಗಿಗಳಿರುವುದರಿಂದ ಇದಕ್ಕೆ ಅಡ್ಡಿಯಿಲ್ಲ. ಶಿಂಜುಕುವಿನಿಂದ ನೇರವಾಗಿ ಯುಮೋತೊಗೆ ಬರುವ ರೊಮಾನ್ಸ್‌ಕಾರ್ ರೈಲು ಸೊಗಸಾಗಿದ್ದರೂ ಅದರಲ್ಲಿ ಎಲ್ಲ ಆಸನಗಳೂ ಕಾಯ್ದಿರಿಸುವಂಥವು. ಗಾಳಿ ಜೋರಾದರೆ ಅಥವಾ ಕಣಿವೆಯ ಅನಿಲದ ಪ್ರಮಾಣ ಏರಿದರೆ ರೋಪ್‌ವೇ ನಿಲ್ಲಿಸುತ್ತಾರೆ ಎಂಬುದೂ ನೆನಪಿರಲಿ, ಬೆಳಿಗ್ಗೆ ಹೊರಡುವ ಮುನ್ನ ಅದರ ಜಾಲತಾಣ ನೋಡಿಕೊಳ್ಳಿ.

ಪ್ರಶ್ನೆ: ಬಿಸಿನೀರಿನ ತೊಟ್ಟಿಯಲ್ಲಿ ಕುಳಿತೇ ಫ್ಯೂಜಿ ನೋಡುವ ಚಿತ್ರಗಳನ್ನು ಕಂಡಿದ್ದೇನೆ. ಅದು ಹಕೋನೆಯಲ್ಲಿ ಎಲ್ಲಿದೆ?
— ಓದುಗರು, ದಾವಣಗೆರೆ

ಉತ್ತರ: ಅಂಥ ಚಿತ್ರಗಳಲ್ಲಿ ಹೆಚ್ಚಿನವು ಹಕೋನೆಯವಲ್ಲ, ಪರ್ವತದ ಉತ್ತರಕ್ಕಿರುವ ಕವಾಗುಚಿ ಸರೋವರದ ದಂಡೆಯ ಹೋಟೆಲುಗಳವು. ಹಕೋನೆ ಸ್ವತಃ ಒಂದು ಹಳೆಯ ಜ್ವಾಲಾಮುಖಿಯ ಬಾಣಲೆಯೊಳಗಿರುವುದರಿಂದ, ಅದರ ಅಂಚಿನ ಗುಡ್ಡಗಳು ಯುಮೋತೊ, ಗೋರಾ ಮುಂತಾದ ಕಣಿವೆಯ ಊರುಗಳಿಗೆ ಫ್ಯೂಜಿಯನ್ನು ಮರೆಮಾಡುತ್ತವೆ. ನೀರಿನಿಂದಲೇ ಪರ್ವತ ನೋಡುವುದು ನಿಮ್ಮ ಮುಖ್ಯ ಆಸೆಯಾದರೆ ಶಿಂಜುಕುವಿನಿಂದ ಸುಮಾರು ಎರಡು ಗಂಟೆಯ ಬಸ್ಸಿನಲ್ಲಿ ಕವಾಗುಚಿಕೊಗೆ ಹೋಗಿ, ಉತ್ತರ ದಂಡೆಯಲ್ಲಿ ಒಂದು ರಾತ್ರಿ ತಂಗಿ, ಸೂರ್ಯೋದಯಕ್ಕೆ ಸ್ನಾನಕ್ಕಿಳಿಯಿರಿ.

ಪ್ರಶ್ನೆ: ಅಲ್ಲಿ ಎಲ್ಲರೂ ಬಟ್ಟೆಯಿಲ್ಲದೆ ಒಟ್ಟಿಗೆ ಸ್ನಾನ ಮಾಡುತ್ತಾರೆಂದು ಕೇಳಿ ನನಗೂ ನಮ್ಮ ಅತ್ತೆಯವರಿಗೂ ಬಹಳ ಸಂಕೋಚವಾಗಿದೆ. ಸೀರೆ ಇಲ್ಲವೇ ಈಜುಡುಗೆ ಉಟ್ಟು ಇಳಿಯಬಹುದೇ? ಮಾಂಗಲ್ಯ, ಕಾಲುಂಗುರ ತೆಗೆಯಬೇಕೇ? ಮಕ್ಕಳೂ ಜೊತೆಗಿದ್ದಾರೆ.
— ಓದುಗರು, ಧಾರವಾಡ

ಉತ್ತರ: ಈ ಸಂಕೋಚವನ್ನು ಯಾರೂ ಹಗುರವಾಗಿ ಕಾಣಬಾರದು. ದಾರಿಗಳಿವೆ, ಎಲ್ಲವನ್ನೂ ಹೇಳುತ್ತೇನೆ. ಅತ್ತೆಯವರ ಮನಸ್ಸಿಗೆ ಒಪ್ಪಿದ್ದನ್ನು ಆರಿಸಿಕೊಳ್ಳಿ.

ಮೊದಲಿಗೆ, ಸಾರ್ವಜನಿಕ ಸ್ನಾನಗೃಹಗಳಲ್ಲಿ ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ವಿಭಾಗಗಳಿರುತ್ತವೆ. ಬಾಗಿಲಿಗೆ ಇಳಿಬಿಟ್ಟ ಪರದೆ ಸಾಮಾನ್ಯವಾಗಿ ಹೆಂಗಸರ ಕಡೆ ಕೆಂಪು, ಗಂಡಸರ ಕಡೆ ನೀಲಿ. ಒಳಗೆ ಬಟ್ಟೆ ತೊಟ್ಟು ನೀರಿಗಿಳಿಯುವಂತಿಲ್ಲ, ಏಕೆಂದರೆ ತೊಟ್ಟಿಯ ನೀರು ಎಲ್ಲರದ್ದೂ ಆಗಿದ್ದು, ಬಟ್ಟೆಯ ಕೊಳೆ, ಸೋಪು ಅದಕ್ಕೆ ಸೇರಬಾರದು. ಬಟ್ಟೆಗಳನ್ನು ಬುಟ್ಟಿಯಲ್ಲೋ ಲಾಕರಿನಲ್ಲೋ ಇಟ್ಟು, ಕೈಯಗಲದ ಒಂದು ಸಣ್ಣ ಟವೆಲನ್ನು ಮುಂದೆ ಹಿಡಿದು ನಡೆಯುತ್ತಾರೆ. ಗೋಡೆಯುದ್ದಕ್ಕೂ ನಲ್ಲಿಗಳು, ಅದರ ಮುಂದೆ ಗಿಡ್ಡ ಸ್ಟೂಲು ಮತ್ತು ಬೋಗುಣಿ. ಕುಳಿತೇ ಸೋಪು ಹಚ್ಚಿ, ತಿಕ್ಕಿ, ನೊರೆಯೆಲ್ಲ ಹೋಗುವವರೆಗೆ ತೊಳೆದುಕೊಂಡು ಆಮೇಲೆ ತೊಟ್ಟಿಗಿಳಿಯಬೇಕು. ಮೈ ಶುಚಿಮಾಡಿಕೊಳ್ಳುವುದು ಇಲ್ಲೇ ಮುಗಿಯುತ್ತದೆ. ತೊಟ್ಟಿ ಇರುವುದು ನೆನೆಯುವುದಕ್ಕೆ. ಸ್ಟೂಲು ತುಂಬ ತಗ್ಗಾಗಿರುವುದರಿಂದ ಅತ್ತೆಯವರಿಗೆ ಮೊಣಕಾಲು ನೋವಿದ್ದರೆ ಎತ್ತರದ ಕುರ್ಚಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಟವೆಲನ್ನು ನೀರಿಗೆ ಅದ್ದದೆ ಮಡಚಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ, ಉದ್ದ ಕೂದಲನ್ನು ಮೇಲೆತ್ತಿ ಕಟ್ಟಿಕೊಳ್ಳಬೇಕು. ಒಳಗೆ ಹಬೆ ತುಂಬಿರುತ್ತದೆ, ಅಜ್ಜಿಯಂದಿರು ತಮ್ಮ ಕಾಲು ತಿಕ್ಕುವುದರಲ್ಲಿ, ತಾಯಂದಿರು ಮಕ್ಕಳ ತಲೆ ತೊಳೆಯುವುದರಲ್ಲಿ ಮಗ್ನರಾಗಿರುತ್ತಾರೆ. ಇನ್ನೊಬ್ಬರ ಕಡೆ ದಿಟ್ಟಿಸುವುದು ಅಲ್ಲಿ ದೊಡ್ಡ ಅಸಭ್ಯತೆ.

ಇಷ್ಟಾಗಿಯೂ ಒಲ್ಲೆನೆನಿಸಿದರೆ, ಒಂದು ಕುಟುಂಬಕ್ಕೆ ಮಾತ್ರ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಖಾಸಗಿ ಸ್ನಾನದ ಕೋಣೆಗಳಿವೆ. ‘ಕಶಿಕಿರಿ’ ಎಂದು ಕೇಳಬೇಕು, ಮುಂಚಿತವಾಗಿ ಕಾಯ್ದಿರಿಸಬೇಕು. ಅತ್ತೆ ಸೊಸೆಯರಲ್ಲೇ ಪರಸ್ಪರ ಸಂಕೋಚವಿದ್ದರೆ ಒಬ್ಬರಾದ ಮೇಲೆ ಒಬ್ಬರು ಹೋದರಾಯಿತು. ಈಜುಡುಗೆ ತೊಟ್ಟು ಮನೆಮಂದಿಯೆಲ್ಲ ಒಟ್ಟಿಗೆ ಇಳಿಯಬೇಕೆಂದರೆ ಹಕೋನೆಯಲ್ಲೇ ಯುನೆಸ್ಸನ್ ಎಂಬ ಬಿಸಿನೀರಿನ ವಿಹಾರಕೇಂದ್ರವಿದೆ. ಅದು ಮಕ್ಕಳಿಗೆ ಬಲು ಇಷ್ಟವಾಗುತ್ತದೆ, ಆದರೆ ಬೆಟ್ಟದ ಸ್ನಾನದ ನೆಮ್ಮದಿಯನ್ನು ಅಲ್ಲಿ ನಿರೀಕ್ಷಿಸಬೇಡಿ. ಏನೂ ಬೇಡವೆನ್ನುವವರಿಗೆ ‘ಆಶಿಯು’ ಇದೆ: ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಾಲನ್ನಷ್ಟೇ ಬಿಸಿನೀರಿನಲ್ಲಿ ಇಳಿಬಿಟ್ಟು ಕೂರುವ ಕಟ್ಟೆ. ಸೋಉನ್‌ಜಾನ್ ನಿಲ್ದಾಣದಲ್ಲೇ ಅಂಥದ್ದೊಂದಿದೆ. ಚಳಿಯಲ್ಲಿ ಅದೂ ಕಡಿಮೆ ಸುಖವಲ್ಲ.

ಒಡವೆಯ ವಿಷಯ ಮುಖ್ಯವಾದದ್ದು. ಗಂಧಕದ ನೀರು ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ, ಅಂದರೆ ನಿಮ್ಮ ಬೆಳ್ಳಿ ಕಾಲುಂಗುರ, ಗೆಜ್ಜೆ ನಿಮಿಷಗಳಲ್ಲಿ ಕಪ್ಪಿಟ್ಟುಕೊಳ್ಳುತ್ತವೆ. ಚಿನ್ನ ಹಾಗೆ ಕಪ್ಪಾಗದಿದ್ದರೂ ಒಡವೆಯ ಚಿನ್ನದಲ್ಲಿ ಬೆರೆಸಿದ ಬೆಳ್ಳಿ, ತಾಮ್ರಗಳಿಂದ ಅದರ ಹೊಳಪು ಮಂಕಾಗಬಹುದು. ಮಾಂಗಲ್ಯವನ್ನು ತೆಗೆಯುವುದಕ್ಕೆ ಅತ್ತೆಯವರು ಒಪ್ಪದಿದ್ದರೆ ಗಂಧಕವಿಲ್ಲದ ತಿಳಿನೀರಿನ ಬುಗ್ಗೆಯನ್ನು ಆರಿಸಿಕೊಳ್ಳಿ. ಯುಮೋತೊದ ನೀರು ಅಂಥದ್ದು, ಬಣ್ಣವಿಲ್ಲದ, ತುಸು ಕ್ಷಾರದ ನೀರು. ಗೋರಾ, ಸೆಂಗೊಕುಹಾರಾ ಕಡೆ ಓವಾಕುದಾನಿಯಿಂದ ಬರುವ ಹಾಲುಬಣ್ಣದ ನೀರಿಗೆ ಇಳಿಯುವವರು ಎಲ್ಲವನ್ನೂ ಬಿಚ್ಚಿಟ್ಟು ಹೋಗುವುದೇ ಸರಿ.

ಅನೇಕ ಕಡೆ ಹಚ್ಚೆ ಇರುವವರನ್ನು ಒಳಗೆ ಬಿಡುವುದಿಲ್ಲ. ಕೈತುಂಬ ಹಾಕಿಕೊಂಡ ಮದರಂಗಿಯನ್ನೂ ಹಚ್ಚೆಯೆಂದು ತಿಳಿಯುವ ಸಂಭವವಿದೆ, ಆದ್ದರಿಂದ ಪ್ರವಾಸದ ಹತ್ತಿರ ಮದರಂಗಿ ಬೇಡ. ಮುಟ್ಟಿನ ದಿನಗಳಲ್ಲಿ ಸಾರ್ವಜನಿಕ ತೊಟ್ಟಿಗೆ ಇಳಿಯುವುದಿಲ್ಲ. ಮಗನಿಗೆ ಏಳು ತುಂಬಿದ್ದರೆ ಅವನನ್ನು ಅವನ ಅಪ್ಪನೊಡನೆ ಕಳಿಸಬೇಕು.

ಪ್ರಶ್ನೆ: ನಮ್ಮ ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥವಿದೆ. ಅಲ್ಲಿ ಜ್ವಾಲಾಮುಖಿ ಇಲ್ಲ, ಆದರೂ ನೀರು ಬೆಚ್ಚಗೆ ಬರುತ್ತಿತ್ತು. ಜಪಾನಿನ ಬುಗ್ಗೆಗಳೂ ಇದೂ ಒಂದೇ ಬಗೆಯವೇ?
— ಓದುಗರು, ಪುತ್ತೂರು

ಉತ್ತರ: ನೀರು ಬಿಸಿಯಾಗುವ ರೀತಿ ಎರಡರಲ್ಲೂ ಬೇರೆ. ಭೂಮಿಯೊಳಗೆ ಇಳಿದಂತೆಲ್ಲ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಂತೆ ಶಾಖ ಏರುತ್ತದೆ. ದಕ್ಷಿಣ ಕನ್ನಡದ ಪ್ರಾಚೀನ ಬಂಡೆಗಳ ಬಿರುಕುಗಳಲ್ಲಿ ಆಳಕ್ಕೆ ಇಳಿದ ಮಳೆನೀರು ಆ ಶಾಖವನ್ನು ಹೀರಿಕೊಂಡು ಮತ್ತೊಂದು ಬಿರುಕಿನಿಂದ ಮೇಲೆ ಬಂದರೆ ಬೆಚ್ಚನೆಯ ತೀರ್ಥವಾಗುತ್ತದೆ. ಅದಕ್ಕೆ ಜ್ವಾಲಾಮುಖಿ ಬೇಕಾಗಿಲ್ಲ.

ಹಕೋನೆಯಲ್ಲಾದರೋ ಕೆಲವೇ ಕಿಲೋಮೀಟರ್ ಆಳದಲ್ಲಿ ಶಿಲಾಪಾಕವಿದೆ. ಜಪಾನ್‌ನಲ್ಲಿ ಸಕ್ರಿಯವೆಂದು ಗುರುತಿಸಿರುವ 111 ಜ್ವಾಲಾಮುಖಿಗಳಲ್ಲಿ ಅದೂ ಒಂದು. ಸುಮಾರು 3,000 ವರ್ಷಗಳ ಹಿಂದೆ ಇಲ್ಲಿನ ಕಾಮಿಯಾಮಾ ಶಿಖರದ ಒಂದು ಪಕ್ಕ ಹಬೆಯ ಸ್ಫೋಟದಿಂದ ಕುಸಿದು, ಆ ಮಣ್ಣುಕಲ್ಲು ಹಾಯಾಕಾವಾ ನದಿಗೆ ಅಡ್ಡಬಿದ್ದು ಆಶಿ ಸರೋವರ ಉಂಟಾಯಿತು. 2015ರ ಜೂನ್ ಕೊನೆಯಲ್ಲಿ ಓವಾಕುದಾನಿಯಲ್ಲಿ ಸಣ್ಣ ಸ್ಫೋಟವಾಗಿ, ಮರುವರ್ಷದವರೆಗೂ ರೋಪ್‌ವೇ ಪೂರ್ಣವಾಗಿ ಓಡಲಿಲ್ಲ. ಅಲ್ಲಿ ಹೊಮ್ಮುವುದು ಹೆಚ್ಚಾಗಿ ಹಬೆಯೇ. ಆ ಹಬೆಗೆ ನೀರು ಬೆರೆಸಿ ಬಿಸಿನೀರು ಮಾಡಿ, ಕೊಳವೆಗಳ ಮೂಲಕ ಕೆಳಗಿನ ಊರುಗಳ ವಸತಿಗೃಹಗಳಿಗೆ ಕಳಿಸುತ್ತಾರೆ. ಬುಗ್ಗೆಯೆಂದರೆ ನೆಲದಿಂದ ತಾನಾಗಿ ಚಿಮ್ಮಬೇಕೆಂದು ತಿಳಿದವರಿಗೆ ಇದು ಅಚ್ಚರಿಯೆನಿಸಬಹುದು.

ಕಾನೂನಿನ ಮಾತು ಹೇಳುವುದಾದರೆ, ಜಪಾನ್ 1948ರಲ್ಲಿ ಮಾಡಿದ ಒನ್ಸೆನ್ (ಬಿಸಿನೀರಿನ ಬುಗ್ಗೆ) ಕಾಯಿದೆಯ ಪ್ರಕಾರ ಮೂಲದಲ್ಲಿ ನೀರು 25 ಡಿಗ್ರಿಯಷ್ಟು ಬಿಸಿಯಿರಬೇಕು, ಇಲ್ಲವೇ ಗೊತ್ತುಪಡಿಸಿದ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ಆ ಲೆಕ್ಕಕ್ಕೆ ನಿಮ್ಮ ಊರಿನ ತೀರ್ಥವೂ ಒನ್ಸೆನ್ ಎನಿಸಿಕೊಳ್ಳುತ್ತಿತ್ತು. ಅದನ್ನು ಕಾಪಾಡಿಕೊಳ್ಳುವ ಬಗ್ಗೆ ಊರಿನವರು ಯೋಚಿಸಿದರೆ ನನಗೆ ಬಹಳ ಸಂತೋಷ.

ಪ್ರಶ್ನೆ: ನನಗೆ 66 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಸ್ನಾನ ಮಾಡಬಹುದೇ?
— ಓದುಗರು, ತುಮಕೂರು

ಉತ್ತರ: ನಿಮ್ಮ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ಅವರು ಒಪ್ಪಿದರೂ ಕೆಲವು ಎಚ್ಚರಿಕೆಗಳಿರಲಿ. ತೊಟ್ಟಿಗಳ ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಇರುತ್ತದೆ; ಅದಕ್ಕಿಂತ ಬಿಸಿಯಾದ ತೊಟ್ಟಿ ನಿಮಗೆ ಬೇಡ. ಚಳಿಗಾಲದಲ್ಲಿ ಕೊರೆಯುವ ಗಾಳಿಯಿಂದ ಒಮ್ಮೆಗೇ ಬಿಸಿನೀರಿಗೆ ಇಳಿದಾಗ ರಕ್ತದೊತ್ತಡ ತೀವ್ರವಾಗಿ ಏರಿಳಿಯುತ್ತದೆ. ಆದ್ದರಿಂದ ಮೊದಲು ಬೋಗುಣಿಯಿಂದ ಪಾದ, ಮೊಣಕಾಲು, ಸೊಂಟ, ಹೆಗಲು ಹೀಗೆ ಮೇಲ್ಮುಖವಾಗಿ ನೀರು ಹೊಯ್ದುಕೊಳ್ಳಿ. ಮೊದಲ ಸಲ ಐದು ನಿಮಿಷ ಸಾಕು, ಎದೆಯ ಮಟ್ಟಕ್ಕಿಂತ ಕೆಳಗೇ ನೀರಿರುವಂತೆ ಕುಳಿತುಕೊಳ್ಳಿ. ಏಳುವಾಗ ನಿಧಾನ, ತಲೆ ಸುತ್ತಿ ಬೀಳುವುದು ಹೆಚ್ಚಾಗಿ ಆಗಲೇ. ಊಟವಾದ ಕೂಡಲೇ ಇಳಿಯಬೇಡಿ, ಮುಂಚೆಯೂ ಆಮೇಲೂ ನೀರು ಕುಡಿಯಿರಿ, ಒಬ್ಬರೇ ಹೋಗಬೇಡಿ. ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರಿಗೆ ಓವಾಕುದಾನಿಯ ಅನಿಲವೇ ಅಪಾಯಕರವೆಂದು ಅಲ್ಲಿ ಎಚ್ಚರಿಕೆ ಫಲಕಗಳಿವೆ. ಅಂಥವರು ರೋಪ್‌ವೇ ಬಿಟ್ಟು, ಬಸ್ಸಿನಲ್ಲಿ ನೇರವಾಗಿ ಮೊತೊ-ಹಕೋನೆಗೆ ಹೋಗಿ ಸರೋವರದ ದಂಡೆಯಿಂದ ಫ್ಯೂಜಿ ನೋಡುವುದು ಕ್ಷೇಮ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಆ ದಿನ ಊಟಕ್ಕೇನು ಮಾಡುವುದು?
— ಓದುಗರು, ಶಿರಸಿ

ಉತ್ತರ: ಮೀನು ಕಣ್ಣಿಗೆ ಕಾಣದಿದ್ದರೂ ಸಾರಿನಲ್ಲಿರುತ್ತದೆ. ಮಿಸೊ ಸಾರು, ಸೋಬಾ ಶಾವಿಗೆಯ ತಿಳಿ, ಬೇಯಿಸಿದ ತರಕಾರಿ, ಇವಕ್ಕೆಲ್ಲ ಒಣಗಿಸಿದ ಬೊನಿಟೊ ಮೀನಿನ ಚಕ್ಕೆಗಳನ್ನು ಕುದಿಸಿದ ‘ದಾಶಿ’ಯೇ ಆಧಾರ. ಮಾಂಸವಿದೆಯೇ ಎಂದು ಕೇಳಿದರೆ ಇಲ್ಲವೆಂದೇ ಪ್ರಾಮಾಣಿಕವಾಗಿ ಹೇಳುತ್ತಾರೆ, ಏಕೆಂದರೆ ದಾಶಿಯನ್ನು ಅವರು ಮಾಂಸವೆಂದು ಎಣಿಸುವುದಿಲ್ಲ. ಆದ್ದರಿಂದ ದಾಶಿಯ ಹೆಸರು ಹಿಡಿದೇ ಕೇಳಬೇಕು. ಉಪ್ಪು ಹಾಕಿದ ‘ಉಮೆ’ ಕಾಯಿ ತುಂಬಿದ ಅನ್ನದ ಉಂಡೆ ಅಂಗಡಿಗಳಲ್ಲಿ ಸಿಗುತ್ತದೆ, ಆದರೂ ಚೀಟಿಯಲ್ಲಿರುವ ಪದಾರ್ಥಗಳನ್ನು ಮೊಬೈಲಿನಲ್ಲಿ ಅನುವಾದಿಸಿ ನೋಡಿ. ಹಕೋನೆಯ ದಿನಕ್ಕೆ ಹಣ್ಣು, ಬ್ರೆಡ್ಡು, ಮನೆಯ ಚಟ್ನಿಪುಡಿ, ಅವಲಕ್ಕಿ ಕೈಯಲ್ಲಿದ್ದರೆ ಚಿಂತೆಯಿಲ್ಲ.

ಓವಾಕುದಾನಿಯ ಹೆಸರಾದ ತಿನಿಸು ಕಪ್ಪು ಮೊಟ್ಟೆ. ಬುಗ್ಗೆಯ ನೀರಿನ ಕಬ್ಬಿಣ ಚಿಪ್ಪಿಗೆ ಅಂಟಿ, ಹೈಡ್ರೋಜನ್ ಸಲ್ಫೈಡ್ ಜೊತೆ ಸೇರಿ ಕಪ್ಪಾಗುತ್ತದೆ. ಸುಲಿದರೆ ಒಳಗೆ ಎಂದಿನ ಬಿಳಿಯೇ. ಒಂದು ತಿಂದರೆ ಏಳು ವರ್ಷ ಆಯುಷ್ಯ ಹೆಚ್ಚುತ್ತದೆಂಬ ನಂಬಿಕೆಯಿದೆ. ನಿಮ್ಮ ಜೊತೆ ಮೊಟ್ಟೆ ತಿನ್ನುವವರಿದ್ದರೆ ಅವರಿಗೆ ಹೇಳಿ.

ಪ್ರಶ್ನೆ: ಫ್ಯೂಜಿಯನ್ನು ಹಿಂದೆಯೇ ನೋಡಿದ್ದೇವೆ. ಜನಜಂಗುಳಿ ಕಡಿಮೆಯಿರುವ, ಬೆಟ್ಟವೂ ಬಿಸಿನೀರೂ ಇರುವ ಬೇರೆ ಜಾಗ ಹೇಳುವಿರಾ?
— ಓದುಗರು, ಬೆಂಗಳೂರು

ಉತ್ತರ: ಒಕುಹಿದಾ. ಈ ಪ್ರಶ್ನೆ ಬಂದದ್ದಕ್ಕೆ ನನಗೆ ಸಂತೋಷವಾಗಿದೆ, ಏಕೆಂದರೆ ಬಿಸಿನೀರು ಮತ್ತು ಬೆಟ್ಟ ಎರಡನ್ನೂ ನಿಜವಾಗಿ ಬಯಸುವವರಿಗೆ ಹಕೋನೆಗಿಂತ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ. ಗಿಫು ಪ್ರಾಂತ್ಯದ ಈ ಕಣಿವೆಯಲ್ಲಿ ಹಿರಾಯು, ಫುಕುಜಿ, ಶಿನ್-ಹಿರಾಯು, ತೊಚಿಯೊ, ಶಿನ್-ಹೊತಾಕಾ ಎಂಬ ಐದು ಬಿಸಿನೀರಿನ ಹಳ್ಳಿಗಳಿವೆ. ತಕಾಯಾಮಾ ಪಟ್ಟಣದಿಂದ ಬಸ್ಸಿನಲ್ಲಿ ಹಿರಾಯು ಮಾರ್ಗವಾಗಿ ಶಿನ್-ಹೊತಾಕಾಗೆ ಒಂದೂವರೆ ಗಂಟೆಯ ಸುಮಾರು. ಟೋಕಿಯೊದಿಂದ ಒಂದೇ ದಿನದಲ್ಲಿ ಹೋಗಿಬರುವ ಜಾಗವಲ್ಲ. ತಕಾಯಾಮಾದಲ್ಲಿ ಅಥವಾ ಹಳ್ಳಿಯಲ್ಲೇ ತಂಗಬೇಕು.

ಶಿನ್-ಹೊತಾಕಾ ರೋಪ್‌ವೇ ಎರಡು ಹಂತದ್ದು. ಎರಡನೆಯ ಹಂತದಲ್ಲಿ ಗೊಂಡೊಲಾಗೇ ಎರಡು ಅಂತಸ್ತು. ಅದು ನಿಮ್ಮನ್ನು 2,156 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ಮೇಲಿನ ತಾರಸಿಯಲ್ಲಿ ನಿಂತರೆ ಒಂದೆಡೆ ನಿಶಿಹೊತಾಕಾದ ಗರಗಸದಂಥ ಏಣು, ಅದರಾಚೆ ಚೂಪಾದ ತುದಿಯ 3,180 ಮೀಟರಿನ ಯಾರಿ, ಎದುರಿಗೆ ಕಣಿವೆಯಾಚೆ ಕಾಸಾ ಶಿಖರ. ಫ್ಯೂಜಿ ಒಂಟಿ ಬೆಟ್ಟ. ಇಲ್ಲಿ ಸಾಲು ಸಾಲು. ಚಳಿಗಾಲದಲ್ಲಿ ಮೇಲೆ ಆಳೆತ್ತರ ಹಿಮವಿರುತ್ತದೆ, ಬೂಟು, ಕೈಗವಸು, ಟೋಪಿ ಇಲ್ಲದೆ ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಹಾಗೆ ಕೊರೆಸಿಕೊಂಡು ಕೆಳಗಿಳಿದು, ನದಿಯ ಪಕ್ಕದ ಬಯಲು ತೊಟ್ಟಿಗೆ ಇಳಿದಾಗಲೇ ಬಿಸಿನೀರಿನ ಬೆಲೆ ತಿಳಿಯುವುದು. ಬಯಲು ತೊಟ್ಟಿಗಳು ಈ ಕಣಿವೆಯ ಹೆಗ್ಗಳಿಕೆ. ಹಲವು ತೊಟ್ಟಿಗಳಿಂದ ಮೇಲೆ ನೋಡಿದರೆ ಸುತ್ತಲಿನ ಹಿಮಶಿಖರಗಳು ಕಾಣುತ್ತವೆ. ನದಿ ಪಕ್ಕದ ಕೆಲವು ಬಯಲು ತೊಟ್ಟಿಗಳಲ್ಲಿ ಹೆಂಗಸರು ಗಂಡಸರೆಂಬ ಭೇದವಿಲ್ಲದೆ ಎಲ್ಲರೂ ಇಳಿಯುವ ಹಳೆಯ ರೂಢಿ ಇನ್ನೂ ಇದೆ. ಅದು ಬೇಡವೆಂದರೆ ಬೇರೆ ವಿಭಾಗಗಳಿರುವ ಸ್ನಾನಗೃಹವನ್ನು ಕೇಳಿ ಆರಿಸಿ. ಹಿರಾಯು ಬಸ್ ನಿಲ್ದಾಣದಿಂದ ನಡೆದುಹೋಗುವಷ್ಟು ದೂರದಲ್ಲೇ ಅಂಥವು ಇವೆ.

ಹೊರಡುವ ಮುನ್ನ ಎರಡನ್ನು ವಿಚಾರಿಸಿಕೊಳ್ಳಿ: ದುರಸ್ತಿ ತಪಾಸಣೆಗಾಗಿ ರೋಪ್‌ವೇಯನ್ನು ವರ್ಷದಲ್ಲಿ ಕೆಲವು ದಿನ ಮುಚ್ಚುತ್ತಾರೆ, ಆ ದಿನಗಳು ಯಾವುವು, ಸಂಜೆ ತಕಾಯಾಮಾಗೆ ಮರಳುವ ಕೊನೆಯ ಬಸ್ಸು ಎಷ್ಟು ಗಂಟೆಗೆ. ಆ ಬಸ್ಸು ಬೇಗ ಹೊರಟುಬಿಡುತ್ತದೆ. ಸ್ನಾನಕ್ಕೆ ಇಳಿಯುವ ಮೊದಲೇ ಅದರ ಸಮಯವನ್ನು ಬರೆದುಕೊಂಡಿರಿ.